ಹಳೆಯ ಪದ್ಮಿನಿಯೂ ಗಂಡ-ಹೆಂಡತಿಯೂ: ಕೊಳ್ಳುವುದರಿಂದ ಊರು ಸುತ್ತುವವರೆಗೆ

ಹಳೆ ಕಾರಿನ ಹುಚ್ಚು ಹಲವು ಮನೆಗಳಲ್ಲಿ ಒಬ್ಬರಿಗಷ್ಟೇ ಇರುತ್ತದೆ. ಭಾನುವಾರ ಪೂರ್ತಿ ಒಬ್ಬರು ಬಾನೆಟ್ಟಿನೊಳಗೆ ತಲೆ ಹಾಕಿರುತ್ತಾರೆ, ಇನ್ನೊಬ್ಬರು ಕಾಫಿ ತಂದುಕೊಟ್ಟು, "ಇನ್ನೂ ಎಷ್ಟು ದುಡ್ಡು ಸುರೀತೀರಿ ಇದಕ್ಕೆ?" ಅಂತ ಕೇಳಿ ಒಳಗೆ ಹೋಗುತ್ತಾರೆ. ಅಂಥ ಮನೆಯ ಕಾರು ಒಂದೆರಡು ವರ್ಷದಲ್ಲಿ ಟಾರ್ಪಾಲಿನಡಿ ಸೇರಿ, ಆಮೇಲೆ ಸಿಕ್ಕಷ್ಟು ಬೆಲೆಗೆ ಹೋಗಿಬಿಡುವುದನ್ನು ಸಾಕಷ್ಟು ನೋಡಿದ್ದೇನೆ. ಇಬ್ಬರೂ ಸ್ಪ್ಯಾನರ್ ಹಿಡಿಯುವ, ಇಬ್ಬರೂ ಓಡಿಸುವ ಮನೆಯಲ್ಲಿ ಕಾರಿಗೆ ಆ ಗತಿ ಬರುವುದು ಕಡಿಮೆ. ಈ ಲೇಖನ ಬರೆಯಲು ಅದೇ ಕಾರಣ. ನಾನೂ ನಮ್ಮವರೂ ಮೈಸೂರಿನಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಸಾಕುತ್ತಿದ್ದೇವೆ. ಹಾಗಾಗಿ ಉದಾಹರಣೆಗಳೆಲ್ಲ ಪದ್ಮಿನಿಯವೇ. ಕಾರು ಬೇರೆಯಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು, ಯಾವ ಕಾರು?

ನಿಮ್ಮಿಬ್ಬರ ಮನಸ್ಸಿನಲ್ಲಿರುವ ಕಾರು ಒಂದೇ ಆಗಿರಬೇಕೆಂದಿಲ್ಲ. ಆದರೆ ಕೊಳ್ಳುವ ಕಾರನ್ನು ಇಬ್ಬರೂ ಒಮ್ಮೆ ಓಡಿಸಿ ನೋಡಿರಬೇಕು. ಸೀಟಿನಲ್ಲಿ ಕೂತಾಗ ಕ್ಲಚ್ ಕಾಲಿಗೆ ಎಟುಕುತ್ತದೆಯೇ, ನಿಂತ ಕಾರಿನ ಸ್ಟೀರಿಂಗ್ ತಿರುಗಿಸಲು ತೋಳಿಗೆ ಬಲ ಸಾಲುತ್ತದೆಯೇ ಅನ್ನುವುದು ಫೋಟೊ ನೋಡಿದರೆ ತಿಳಿಯುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಇದು ದೊಡ್ಡ ವಿಷಯ.

ಮೊದಲ ಹಳೆ ಕಾರಿಗೆ ಪದ್ಮಿನಿಯೇ ಒಳ್ಳೆಯದು ಎನ್ನಲು ನನ್ನಲ್ಲಿ ಕಾರಣಗಳಿವೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ 1964ರಿಂದ ಫಿಯಟ್ 1100 ಡಿಲೈಟ್ ಹೆಸರಿನಲ್ಲಿ ತಯಾರಿಸುತ್ತಿದ್ದ ಕಾರೇ 1974ರಲ್ಲಿ ಪದ್ಮಿನಿಯಾಯಿತು. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಎಂಜಿನ್ 1089 ಸಿ.ಸಿ., ನಾಲ್ಕು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಒಂದು ಕಾರ್ಬೊರೇಟರ್. ಬಾನೆಟ್ ಎತ್ತಿದರೆ ಪ್ರತಿ ಭಾಗವೂ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುತ್ತದೆ. ಮುಂಬೈನಲ್ಲಿ ಸಾವಿರಾರು ಪದ್ಮಿನಿಗಳು ದಶಕಗಳ ಕಾಲ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ದುಡಿದವು, ಕೊನೆಯದು ರಸ್ತೆಯಿಂದ ಸರಿದದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ಕಾಲ ಟ್ಯಾಕ್ಸಿ ಓಡಿದ್ದರಿಂದಲೇ ಬಿಡಿಭಾಗಗಳು ಇನ್ನೂ ಸಿಗುತ್ತಿವೆ.

ಅಂಬಾಸಿಡರ್ ಕೂಡ ಒಳ್ಳೆಯ ಆಯ್ಕೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದದ್ದರಿಂದ ಪಾರ್ಟ್ಸ್‌ಗೆ ಬರವಿಲ್ಲ. ಒಳಗೆ ಜಾಗವೂ ಹೆಚ್ಚು. ಆದರೆ ಮನೆ ಮುಂದೆ ನಿಲ್ಲಿಸಲು ಅದಕ್ಕೆ ತಕ್ಕ ಜಾಗ ಬೇಕು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಲು ಬಲು ಚೆಂದ, ಪಾರ್ಟ್ಸ್ ಹುಡುಕಲು ಬಲು ಕಷ್ಟ. ಅದನ್ನು ಎರಡನೆಯ ಕಾರಿಗೆ ಇಟ್ಟುಕೊಳ್ಳಿ. ಮಾರಿಸ್ ಮೈನರ್‌ನಂಥ ಇಂಗ್ಲೆಂಡಿನ ಕಾರುಗಳಿಗೂ ಇದೇ ಮಾತು. ಇನ್ನು 1983ರಲ್ಲಿ ಬಂದ ಮಾರುತಿ 800ರ ಮೊದಮೊದಲ ಕಾರುಗಳಿಗೆ ಈಗ ನಲವತ್ತು ದಾಟಿದೆ. ಹಳೆ ಕಾರಿನ ಅನುಭವವೇ ಇಲ್ಲದ ಜೋಡಿ ಅದರಿಂದ ಶುರು ಮಾಡಿದರೂ ನನಗೆ ಸಂತೋಷ.

ನೋಡಲು ಹೋದಾಗ

ಇಬ್ಬರೂ ಹೋಗಿ. ಒಬ್ಬರು ಕಾರು ನೋಡಲಿ, ಇನ್ನೊಬ್ಬರು ಮನೆಯವರ ಜೊತೆ ಕೂತು ಮಾತಾಡಲಿ. ಮಾರುವ ಯಜಮಾನರು ಎಂಜಿನ್ ಬಗ್ಗೆ ಹೇಳುತ್ತಾರೆ. ಅದು ಎಷ್ಟು ವರ್ಷ ಮಳೆಯಲ್ಲಿ ನಿಂತಿತ್ತು, ಯಾವಾಗ ನೀರಿನಲ್ಲಿ ಮುಳುಗಿತ್ತು, ಮಗ ಯಾವ ಮರಕ್ಕೆ ಗುದ್ದಿದ ಎಂಬುದೆಲ್ಲ ಮನೆಯ ಹೆಂಗಸರ ಬಾಯಲ್ಲಿ ಬರುತ್ತದೆ. ಹಾಗೆ ತಿಳಿದ ಸಂಗತಿ ಮೆಕ್ಯಾನಿಕ್ಕಿನ ವರದಿಯಷ್ಟೇ ಬೆಲೆಯುಳ್ಳದ್ದು.

ಕಾರು ನೋಡುವವರು ಎಂಜಿನ್ನಿಗಿಂತ ಮೊದಲು ತಗಡು ನೋಡಬೇಕು. ಪದ್ಮಿನಿಗೆ ಬೇರೆ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಕಾರಿನ ಭಾರ ಹೊರುತ್ತದೆ. ಎಂಜಿನ್ ಕೆಟ್ಟರೆ ಬಿಚ್ಚಿ ಮಾಡಿಸಬಹುದು, ತಳ ತುಕ್ಕು ತಿಂದಿದ್ದರೆ ಅಲ್ಲಿಗೆ ಲೆಕ್ಕ ಕೈ ಮೀರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ, ಮುಂದಿನ ಗಾಜಿನ ಕೆಳಭಾಗಗಳಿಗೆ ಅದನ್ನು ತಾಗಿಸುತ್ತ ಹೋಗಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದಡಿ ತೂತು-ತಗ್ಗು ಮುಚ್ಚುವ ಪುಟ್ಟಿ ದಪ್ಪಗೆ ಮೆತ್ತಿದೆ, ಅದರಡಿ ತಗಡು ಇಲ್ಲದಿರಬಹುದು. ಕಾಲಿಡುವ ಜಾಗದ ಮ್ಯಾಟ್ ಎತ್ತಿ ನೋಡಿ. ಬ್ಯಾಟರಿ ಕೂರುವ ತಟ್ಟೆ ನೋಡಿ. ಆಸಿಡ್ ಸೋರಿ ಅಲ್ಲಿ ತೂತಾಗಿರುವುದು ಸಾಮಾನ್ಯ.

ಕಾರು ಯಾವ ಸೀಮೆಯದು ಎಂದೂ ಕೇಳಿ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಬೆಳೆದ ಕಾರಿಗಿಂತ ಚಿತ್ರದುರ್ಗ, ಬಳ್ಳಾರಿ, ಹುಬ್ಬಳ್ಳಿ ಕಡೆಯ ಒಣ ಹವೆಯ ಕಾರಿನ ತಳ ಗಟ್ಟಿಯಾಗಿರುತ್ತದೆ. ಬಣ್ಣ ಮಾಸಿದ್ದರೂ ಬಯಲುಸೀಮೆಯ ಕಾರನ್ನೇ ಆರಿಸಿ.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಬೇಕು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿ ಇಟ್ಟಿದ್ದಾರೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಲೋಳೆ ಕಂಡರೆ ನೀರು ಆಯಿಲಿಗೆ ಸೇರುತ್ತಿರಬಹುದು, ಎಂಜಿನ್ನಿನ ತಲೆಗೂ ಬುಡಕ್ಕೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಬ್ರೇಕ್ ಪೆಡಲನ್ನು ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರ್ ಅಥವಾ ಪೈಪು ಎಲ್ಲೋ ಬಿಟ್ಟುಕೊಡುತ್ತಿದೆ.

ಬಿಚ್ಚಿ ಹರಡಿದ ಕಾರನ್ನು ಮಾತ್ರ, ಎಷ್ಟೇ ಅಗ್ಗಕ್ಕೆ ಬಂದರೂ, ಮೊದಲ ಸಲಕ್ಕೆ ಕೊಳ್ಳಬೇಡಿ. ಗೋಣಿಚೀಲದಲ್ಲಿ ತಂದ ಭಾಗಗಳಲ್ಲಿ ಏನೇನು ಕಾಣೆಯಾಗಿದೆ ಎಂದು ಗೊತ್ತಾಗುವುದು ಜೋಡಿಸುವಾಗಲೇ. ಓಡುವ, ಪೂರ್ತಿ ಇರುವ, ಸಾಧಾರಣ ಸ್ಥಿತಿಯ ಕಾರು ತನ್ನಿ. ಬಂದ ವಾರವೇ ಇಬ್ಬರೂ ಅದರಲ್ಲಿ ಕೂತು ಬೀದಿ ಸುತ್ತುವಂತಿರಬೇಕು, ಉತ್ಸಾಹ ಉಳಿಯುವುದು ಅದರಿಂದಲೇ.

ಕಾಗದಪತ್ರ

ಬಹಳ ಜನ ಅವಸರದಲ್ಲಿ ದಾಟಿಬಿಡುವ ಮೆಟ್ಟಿಲು ಇದು. ಇಲ್ಲಿ ನಿಧಾನವಾಗಿ ನಿಲ್ಲಿ.

ಆರ್.ಸಿ. (ನೋಂದಣಿ) ಪುಸ್ತಕದಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್‌ಗಳನ್ನು ಕಾರಿನ ಮೇಲೆ ಕೊರೆದದ್ದರ ಜೊತೆ ಅಕ್ಷರ ಬಿಡದೆ ಹೋಲಿಸಿ. ಹಳೆ ಕಾರುಗಳಿಗೆ ಬೇರೆ ಎಂಜಿನ್ ಕೂರಿಸಿರುವುದು ಅಪರೂಪವಲ್ಲ, ಅದು ಆರ್.ಸಿ.ಯಲ್ಲಿ ದಾಖಲಾಗಿರಬೇಕು. ಹಿಂದೆ ಎಂದೋ ತೆಗೆದ ಸಾಲದ ಹೈಪೋಥಿಕೇಷನ್ (ಕಾರು ಅಡವಿದೆ ಎಂಬ ನಮೂದು) ಹಾಗೇ ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ತೆಗೆಸಬೇಕು. ಕಾರು ತೀರಿಹೋದ ತಾತನ ಹೆಸರಿನಲ್ಲೇ ಇದೆ ಎನ್ನುವುದು ನಮ್ಮ ಕಡೆ ಅತಿ ಸಾಮಾನ್ಯ. ಹಾಗಿದ್ದರೆ ವಾರಸುದಾರರು ಮೊದಲು ಫಾರಂ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ಫಾರಂ 29 ಮತ್ತು 30ರ ಮೂಲಕ ನಿಮ್ಮ ಹೆಸರಿಗೆ ಬರಲಿ. "ಸಹಿ ಹಾಕಿಕೊಟ್ಟಿದ್ದಾರೆ, ನೀವೇ ಮಾಡಿಸಿಕೊಳ್ಳಿ" ಎಂಬ ಮಾತಿಗೆ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದ ಕಾರಾದರೆ ಫಾರಂ 28ರ ಎನ್.ಒ.ಸಿ. (ಅಲ್ಲಿನ ಆರ್.ಟಿ.ಒ.ದ ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿನ ಜೀವಾವಧಿ ತೆರಿಗೆಯೂ ಸೇರುತ್ತದೆ. ಬೆಲೆ ಮಾತಾಡುವ ಮೊದಲೇ ಆ ತೆರಿಗೆ ಎಷ್ಟೆಂದು ಆರ್.ಟಿ.ಒ.ದಲ್ಲಿ ಕೇಳಿ.

ಕೈಬರಹದ ಹಳೆ ಆರ್.ಸಿ. ಪುಸ್ತಕಗಳು, 'ಎಂ.ವೈ.' ಅಕ್ಷರಗಳಿಂದ ಶುರುವಾಗುವ ಹಳೆ ನಂಬರಿನವಂತೂ, ಹಲವು ಸಲ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಮೂಲ ನೋಂದಣಿಯಾದ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು, ಮಾಡಿಸದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ತಾಳ್ಮೆ ಬೇಕು. ಇಬ್ಬರಲ್ಲಿ ಕಚೇರಿ ಕೆಲಸಕ್ಕೆ ಯಾರಿಗೆ ಹೆಚ್ಚು ತಾಳ್ಮೆಯೋ ಅವರು ಇದನ್ನು ವಹಿಸಿಕೊಳ್ಳಲಿ. ನಮ್ಮ ಮನೆಯಲ್ಲಿ ಅದು ನಾನು.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಕೊಟ್ಟು, ಕಾರನ್ನು ತಪಾಸಣೆಗೆ ಒಯ್ದು ನವೀಕರಿಸಬೇಕು. ಈಚಿನ ವರ್ಷಗಳಲ್ಲಿ ಇದರ ಶುಲ್ಕ ಬಹಳ ಏರಿದೆ, ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಆಯಾ ದಿನದ ಮೊತ್ತ ನೋಡಿಕೊಳ್ಳಿ. ಹಸಿರು ತೆರಿಗೆ, ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ, ಎಚ್.ಎಸ್.ಆರ್.ಪಿ. (ಅತಿ ಸುರಕ್ಷಿತ) ನಂಬರ್ ಪ್ಲೇಟು ಇವೂ ಬೇಕು.

ಐವತ್ತು ವರ್ಷ ದಾಟಿದ ಕಾರಿಗೆ ಇನ್ನೊಂದು ದಾರಿಯಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನ ಎಂಬ ವರ್ಗ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷಕ್ಕಿಂತ ಹೆಚ್ಚಾಗಿರಬೇಕು; ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಬರುತ್ತದೆ. ಈಗಾಗಲೇ ನೋಂದಣಿಯಿರುವ ಕಾರು ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. 1974-75ರ ಪದ್ಮಿನಿಗಳೂ ಈಗ ಈ ಮಿತಿಗೆ ಬಂದಿವೆ. ಆದರೆ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಮನಸ್ಸಾದಾಗ ಇಬ್ಬರೂ ನಂಜನಗೂಡಿಗೆ ಹೋಗಿ ಬರಬೇಕು ಅನ್ನುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಡ್ಡಾಯ. ಕಾರಿನ ಸ್ವಂತ ಹಾನಿಗೂ ಮಾಡಿಸುವುದಾದರೆ ಬೆಲೆಯನ್ನು ವಿಮಾ ಕಂಪನಿಯ ಜೊತೆ ಮಾತಾಡಿ ಒಪ್ಪಿಸಬೇಕಾಗುತ್ತದೆ. ಫೋಟೊ, ರಿಪೇರಿ ರಸೀದಿಗಳು ಆಗ ನೆರವಿಗೆ ಬರುತ್ತವೆ. ಆರ್.ಸಿ. ಒಬ್ಬರ ಹೆಸರಿನಲ್ಲಿರುವುದರಿಂದ ಇನ್ನೊಬ್ಬರನ್ನು ನಾಮಿನಿಯಾಗಿ ಸೇರಿಸಿ. 2021ರಿಂದ ಅದಕ್ಕೆ ಅವಕಾಶವಿದೆ. ತಾತನ ಹೆಸರಿನಲ್ಲಿ ಸಿಕ್ಕಿಕೊಂಡ ಕಾರುಗಳ ಪಾಡು ನಿಮ್ಮ ಕಾರಿಗೆ ಬಾರದಿರಲಿ.

ಮನೆಗೆ ಬಂದ ಮೇಲೆ ಕೆಲಸದ ಸರದಿ

ಬಣ್ಣ ಕೊನೆಗೆ. ಎಲ್ಲರಿಗೂ ಮೊದಲು ಬಣ್ಣ ಹೊಡೆಸುವ ಆಸೆ. ಆದರೆ ಬ್ರೇಕ್ ಪೈಪು ಬದಲಿಸುವಾಗ ಚೆಲ್ಲಿದ ಆಯಿಲು ಹೊಸ ಬಣ್ಣವನ್ನೇ ತಿನ್ನುತ್ತದೆ. ಬ್ರೇಕು, ಟೈರು, ಪೆಟ್ರೋಲಿನ ದಾರಿ, ರೇಡಿಯೇಟರು, ವೈರಿಂಗು, ಆಮೇಲೆ ಟಿಂಕರಿಂಗು (ತಗಡಿನ ಕೆಲಸ) ಮತ್ತು ಬಣ್ಣ. ಈ ಸರದಿ ಮುರಿಯಬೇಡಿ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆ ಕಾರುಗಳ ಟೈರು ಸವೆಯುವ ಮೊದಲೇ ಒಣಗಿ ಬಿರಿಯುತ್ತದೆ. ಗೆರೆಗಳು ಚೆನ್ನಾಗಿವೆ ಎಂದು ಬಿಡಬೇಡಿ, ವಯಸ್ಸು ನೋಡಿ ಬದಲಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆ ಮಾಲಿಗೆ ಶಿವಾಜಿನಗರದ ಗುಜರಿ. ಹೋಗುವಾಗ ಹಳೆ ಭಾಗವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಂಗಡಿಯವರಿಗೆ ವಿವರಿಸುವ ಕಷ್ಟ ತಪ್ಪುತ್ತದೆ. ಕಾರ್ಬೊರೇಟರ್ ಬಿಚ್ಚಿ ಬೆಳೆದ ಹಿರಿಯ ಮೇಸ್ತ್ರಿಗಳನ್ನು ಹುಡುಕಿಕೊಳ್ಳಿ. ಅವರ ಸಂಖ್ಯೆ ವರ್ಷವರ್ಷ ಕಡಿಮೆಯಾಗುತ್ತಿದೆ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ, ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಮಾಡಿದ ದಿನವೇ ಹಣ ಕೊಡಿ. "ಎಲ್ಲ ಒಟ್ಟಿಗೆ ಬಿಚ್ಚಿಬಿಡೋಣ ಮೇಡಂ" ಎಂದರೆ ಬೇಡವೆನ್ನಿ. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆಯುವುದು, ಬೋಲ್ಟುಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ಹಾಕಿ ಹೆಸರು ಬರೆಯುವುದು ಒಬ್ಬರ ಪೂರ್ಣಾವಧಿ ಕೆಲಸ. ಸಣ್ಣದೆಂದು ತಿಳಿಯಬೇಡಿ, ಕಾರು ಮತ್ತೆ ಜೋಡಣೆಯಾಗುವುದು ಅದರ ಮೇಲೆಯೇ.

ಇಬ್ಬರಿಲ್ಲದೆ ಆಗದ ಕೆಲಸ: ಬ್ರೇಕಿನ ಗಾಳಿ ತೆಗೆಯುವುದು

ಜೋಡಿಯಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಳೆ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಆಯಿಲಿನ ಒತ್ತಡದಿಂದ ಕೆಲಸ ಮಾಡುವಂಥದ್ದು. ಪೈಪಿನೊಳಗೆ ಗಾಳಿ ಸೇರಿದರೆ ಪೆಡಲು ಸ್ಪಂಜಿನಂತಾಗುತ್ತದೆ.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಿ. ಬರೀ ಜಾಕನ್ನು ನಂಬಿ ಕಾರಿನಡಿ ಹೋಗಬಾರದು. ಇದರಲ್ಲಿ ರಿಯಾಯಿತಿಯೇ ಇಲ್ಲ. ಬಾನೆಟ್ಟಿನೊಳಗಿನ ಡಬ್ಬಿಗೆ ಹೊಸ ಬ್ರೇಕ್ ಆಯಿಲ್ ತುಂಬಿ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಒಬ್ಬರು ಸೀಟಿನಲ್ಲಿ, ಒಬ್ಬರು ಚಕ್ರದ ಹತ್ತಿರ. ಚಕ್ರದ ಹಿಂದಿನ ನಿಪ್ಪಲಿಗೆ (ಗಾಳಿ ಹೊರಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಿ. ನಮ್ಮ ಮನೆಯಲ್ಲಿ ಕೆಳಗೆ ಕೂರುವವಳು ನಾನು. "ಒತ್ರೀ" ಎನ್ನುತ್ತೇನೆ. ಅವರು ನಿಧಾನವಾಗಿ ಎರಡು ಮೂರು ಸಲ ಒತ್ತಿ, ಕೊನೆಯಲ್ಲಿ ಕಾಲು ಹಾಗೇ ಇಟ್ಟು "ಹಿಡಿದಿದ್ದೀನಿ" ಎನ್ನುತ್ತಾರೆ. ಆಗ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸುತ್ತೇನೆ. ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ, ಪೆಡಲು ತಳಕ್ಕೆ ಹೋಗುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ "ಬಿಡ್ರೀ". ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಮಾಡಿದ ಕೆಲಸವೆಲ್ಲ ವ್ಯರ್ಥ. ಹಾಗಾಗಿ ಮಾತಿಗೆ ಮಾತು ಸೇರಬೇಕು. ಮಧ್ಯೆ ಫೋನ್ ತೆಗೆಯಬಾರದು. ಗುಳ್ಳೆ ನಿಲ್ಲುವವರೆಗೂ ಇದನ್ನೇ ಮಾಡಿ, ನಡುನಡುವೆ ಡಬ್ಬಿಯ ಆಯಿಲ್ ಇಳಿಯದಂತೆ ನೋಡಿಕೊಳ್ಳಿ. ಆಯಿಲ್ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ. ಮುಗಿದ ಮೇಲೆ ಪೆಡಲು ಮೇಲುಗಡೆಯೇ ಗಟ್ಟಿಯಾಗಿ ನಿಲ್ಲಬೇಕು. ಬೀದಿಗಿಳಿಸುವ ಮೊದಲು ಮನೆ ಮುಂದೆಯೇ ಮೆಲ್ಲನೆ ಓಡಿಸಿ ಪರೀಕ್ಷಿಸಿ. ಸಂದೇಹ ಉಳಿದರೆ ಮೇಸ್ತ್ರಿಗೆ ತೋರಿಸದೆ ಹೊರಡಬೇಡಿ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ. ಹಳೆ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಪಾಯಿಂಟು, ಪ್ಲಗ್ಗು

ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು ಕಾಣುತ್ತದೆ. ಎಂಜಿನ್ ತಿರುಗಿದಂತೆ ಮಧ್ಯದ ಉಬ್ಬು ಪಾಯಿಂಟನ್ನು ತೆರೆಯುತ್ತದೆ, ಮುಚ್ಚುತ್ತದೆ. ಪ್ರತಿ ಸಲ ತೆರೆದಾಗ ಒಂದು ಪ್ಲಗ್ಗಿಗೆ ಕಿಡಿ. ಪಾಯಿಂಟ್ ಸುಟ್ಟಿದ್ದರೆ, ಅಂತರ ತಪ್ಪಿದ್ದರೆ ಕಾರು ಎಳೆಯುವುದಿಲ್ಲ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ.

ಇದೂ ಇಬ್ಬರ ಕೆಲಸ. ಕೀ ತೆಗೆದಿಟ್ಟು, ಪ್ಲಗ್ಗುಗಳನ್ನೆಲ್ಲ ಬಿಚ್ಚಿದರೆ ಎಂಜಿನ್ ಹಗುರಾಗುತ್ತದೆ. ಒಬ್ಬರು ಕಾರನ್ನು ನಾಲ್ಕನೇ ಗೇರಿನಲ್ಲಿಟ್ಟು ಅಂಗುಲ ಅಂಗುಲವಾಗಿ ತಳ್ಳಲಿ. ಇನ್ನೊಬ್ಬರು ನೋಡುತ್ತಿದ್ದು, ಪಾಯಿಂಟು ಅತಿ ಹೆಚ್ಚು ತೆರೆದ ಕ್ಷಣಕ್ಕೆ "ಸಾಕು" ಎನ್ನಲಿ. ಸಣ್ಣ ಸಂದಿನ ಅಳತೆಗೆಂದೇ ಇರುವ ತೆಳು ತಗಡಿನ ಪಟ್ಟಿ, ಫೀಲರ್ ಗೇಜಿನಲ್ಲಿ ಅಂತರ ನೋಡಿ, ಹೆಚ್ಚುಕಡಿಮೆ 0.4 ಮಿ.ಮೀ.ಗಿಂತ ತುಸು ಮೇಲೆ ಇದ್ದರೆ ಸರಿ. ನಿಮ್ಮ ಕಾರಿನ ಕೈಪಿಡಿ ಸಿಕ್ಕಿದ್ದರೆ ಅದರ ಅಳತೆಯೇ ಕೊನೆಯ ಮಾತು. ಸ್ಕ್ರೂ ಬಿಗಿ ಮಾಡಿ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಅದು ಸರಿಯುತ್ತದೆ. ಪ್ಲಗ್ಗಿನ ವೈರುಗಳನ್ನು ಮತ್ತೆ ಹಾಕುವಾಗ ಕಿಡಿಯ ಸರದಿ 1-3-4-2. ಇದನ್ನು ಬಾನೆಟ್ಟಿನ ಒಳಮೈಗೆ ಪೇಂಟಿನಲ್ಲಿ ಬರೆದಿಡಿ.

ಪ್ಲಗ್ಗಿನ ತುದಿಯನ್ನು ಓದುವುದೂ ಕಲಿಯಿರಿ. ಗೋಧಿ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಜಿಡ್ಡು ಮಸಿಯಿದ್ದರೆ ಆಯಿಲ್.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದಕ್ಕೆ ನನ್ನ ವಿರೋಧವಿಲ್ಲ. ಹೆಡ್‌ಲೈಟಿಗೆ ರಿಲೇ, ಡೈನಮೋ ಇದ್ದ ಕಡೆ ಆಲ್ಟರ್ನೇಟರ್, ಗಟ್ಟಿ ಆಸರೆ ಕೊಟ್ಟು ಕೂರಿಸಿದ ಸೀಟ್ ಬೆಲ್ಟು, ಕೈಗೆಟಕುವ ಕಡೆ ಬೆಂಕಿ ಆರಿಸುವ ಸಿಲಿಂಡರು ಇವೆಲ್ಲ ಸುರಕ್ಷೆಯ ಕೆಲಸ. ಬಿಚ್ಚಿದ ಮೂಲ ಭಾಗಗಳನ್ನು ಎಣ್ಣೆ ಹಚ್ಚಿ ಇಟ್ಟುಕೊಂಡರಾಯಿತು. ಅಲಾಯ್ ಚಕ್ರ, ಮಿನುಗುವ ಮೆಟಾಲಿಕ್ ಬಣ್ಣ ಮಾತ್ರ ದಯವಿಟ್ಟು ಬೇಡ. ಆ ಕಾರಿನ ಮುಖವೇ ಅಳಿಸಿಹೋಗುತ್ತದೆ.

ಪೆಟ್ರೋಲಿನ ಹೊಸ ತೊಂದರೆ

ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇರುತ್ತದೆ. ಹಳೆ ರಬ್ಬರ್ ಹೋಸು, ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನ ಡಯಾಫ್ರಂಗಳನ್ನು (ಒಳಗಿನ ಪೊರೆ) ಅದು ಮೆತ್ತಗೆ ಮಾಡಿ ಬಿರಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು, ಹೆಚ್ಚಾದಾಗ ನೀರಿನೊಡನೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಥೆನಾಲ್ ತಡೆಯುವ ಹೋಸುಗಳನ್ನೇ ಕೇಳಿ ಹಾಕಿಸಿ. ಟ್ಯಾಂಕಿನಿಂದ ಬರುವ ಪೈಪಿಗೆ ಸಣ್ಣ ಪಾರದರ್ಶಕ ಫಿಲ್ಟರ್ ಕೂರಿಸಿ, ಒಳಗಿನ ತುಕ್ಕು ಕಣ್ಣಿಗೆ ಕಾಣುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹಳೆ ಪೆಟ್ರೋಲ್ ಒಳಗೇ ಬಿಡಬೇಡಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಪೆಟ್ರೋಲ್ ವಾಸನೆ ಬರುತ್ತಿದೆಯೇ ನೋಡಿ. ಬಂದರೆ ಸ್ಟಾರ್ಟ್ ಮಾಡಲೇಬೇಡಿ.

ಪೆಟ್ರೋಲಿನ ದಾರಿಯಲ್ಲಿ ಕಸ ಸಿಕ್ಕುವುದು ಕಾರಿನಷ್ಟೇ ಹಳೆಯ ರೋಗ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಅವನು ತಯಾರಿಸಿದ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದಳು. ದಾರಿಯಲ್ಲಿ ಕಟ್ಟಿಕೊಂಡ ಇಂಧನದ ಪೈಪನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಜಗತ್ತಿನ ಮೊದಲ ದೂರ ಪ್ರಯಾಣದ ಮೆಕ್ಯಾನಿಕ್ ಮನೆಯೊಡತಿಯೇ. "ಹೆಂಗಸರಿಗೆ ಯಾಕೆ ಈ ಮಸಿ ಕೆಲಸ" ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಇಬ್ಬರೂ ಓಡಿಸಬೇಕು

ಪದ್ಮಿನಿಯ ಗೇರು ಸ್ಟೀರಿಂಗ್ ಪಕ್ಕದಲ್ಲಿರುತ್ತದೆ. ಕೊನೆಕೊನೆಯ ಮಾದರಿಗಳಲ್ಲಿ ಮಾತ್ರ ಅದು ಕೆಳಗೆ ಬಂತು. ಎಂಜಿನ್ ಬಂದ್ ಇರುವಾಗಲೇ ಸೀಟಿನಲ್ಲಿ ಕೂತು, ಕ್ಲಚ್ ಒತ್ತಿ, ಕಣ್ಣು ರಸ್ತೆಯ ಕಡೆ ಇಟ್ಟು ಗೇರು ಹುಡುಕುವುದನ್ನು ಅಭ್ಯಾಸ ಮಾಡಿ. ಮೊದಲ ಗೇರನ್ನು ಕಾರು ಪೂರ್ತಿ ನಿಂತ ಮೇಲೆಯೇ ಹಾಕಿ. ಮುಂದಿನ ಗಾಡಿಯಿಂದ ಈಗಿನ ಕಾರಿಗೆ ಬಿಡುವುದಕ್ಕಿಂತ ಎರಡರಷ್ಟು ದೂರ ಬಿಡಿ. ಕಲಿಸುವವರು ಪಕ್ಕದಲ್ಲಿ ಕೂತು ಕೂಗಬಾರದು; ಇದು ನಮ್ಮ ಮನೆಯ ನಿಯಮ. ಹೇಳುವುದಿದ್ದರೆ ಕಾರು ನಿಲ್ಲಿಸಿದ ಮೇಲೆ.

ಬ್ಯಾಟರಿ ಕೈಕೊಟ್ಟರೆ ತಳ್ಳಿ ಸ್ಟಾರ್ಟ್ ಮಾಡಬೇಕಾಗುತ್ತದೆ. ಕಾರು ಸುಮಾರು 900 ಕೆ.ಜಿ. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ತಳ್ಳಬಹುದು, ಕಷ್ಟವಾಗುತ್ತದೆ. ಒಳಗಿನವರು ಕೀ ಹಾಕಿ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ ಕಾಯಬೇಕು. ಕಾರು ಓಟ ಹಿಡಿದಾಗ ಕ್ಲಚ್ ಬಿಟ್ಟು, ಎಂಜಿನ್ ಹತ್ತಿದ ಕೂಡಲೇ ಮತ್ತೆ ಒತ್ತಬೇಕು. ಮೊಣಕಾಲು ನೋವಿನವರು ಒಳಗೆ ಕೂರಲಿ.

ಲೆಕ್ಕದ ಪುಸ್ತಕ

ಒಂದೇ ನೋಟ್‌ಬುಕ್. ಎಡ ಪುಟದಲ್ಲಿ ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಬಲದಲ್ಲಿ ಖರ್ಚು. ಇಬ್ಬರ ಕೈಬರಹವೂ ಇರಲಿ. ಕೊಂಡ ಬೆಲೆಯಷ್ಟೇ ಹಣ ಮೊದಲ ವರ್ಷದ ಕೆಲಸಕ್ಕೆ ಬೇಕಾಗಬಹುದು ಎಂದು ಮೊದಲೇ ಮಾತಾಡಿಕೊಳ್ಳಿ. ಇಷ್ಟು ರೂಪಾಯಿಗಿಂತ ಹೆಚ್ಚಿನದಕ್ಕೆ ಇಬ್ಬರ ಒಪ್ಪಿಗೆ ಬೇಕು ಎಂದು ಗೆರೆ ಹಾಕಿಕೊಳ್ಳಿ. ಬಚ್ಚಿಟ್ಟ ರಸೀದಿಯಿಂದ ಮುರಿದ ಹವ್ಯಾಸಗಳು ಕೆಟ್ಟ ಎಂಜಿನ್ನಿನಿಂದ ಮುರಿದವಕ್ಕಿಂತ ಹೆಚ್ಚು.

ನಿಲ್ಲಿಸುವ ಜಾಗ, ಹಬ್ಬದ ದಿನ

ಮಳೆಯಲ್ಲಿ ನೆನೆದ ಕಾರಿಗೆ ಪ್ಲಾಸ್ಟಿಕ್ ಹೊದಿಸಬೇಡಿ. ತೇವ ಒಳಗೇ ಕೂತು ತುಕ್ಕು ತಿನ್ನುತ್ತದೆ. ಒಣಗಿಸಿ, ಗಾಳಿಯಾಡುವ ಬಟ್ಟೆ ಹೊದಿಸಿ. ಇಲಿಗೆ ವೈರೆಂದರೆ ಪ್ರೀತಿ, ವಾರವಾರ ಇಣುಕಿ ನೋಡಿ. ಆಯುಧಪೂಜೆಯಲ್ಲಿ ಅರಿಸಿನ-ಕುಂಕುಮವನ್ನು ನೇರ ಬಣ್ಣದ ಮೇಲೆ ಹಚ್ಚಿದರೆ ಕಲೆ ಉಳಿಯಬಹುದು. ಗಾಜಿಗೋ ಬಂಪರಿಗೋ ಹಚ್ಚಿ, ಸಂಜೆಯೇ ಒರೆಸಿ. ಕರ್ಪೂರದ ಆರತಿ ಬಾನೆಟ್ಟಿನಿಂದ ದೂರವಿರಲಿ, ಕಾರ್ಬೊರೇಟರ್ ಕಾರಿನ ಹತ್ತಿರ ಬೆಂಕಿ ತರಬಾರದು.

ಊರು ಸುತ್ತುವುದು

ಮೊದಲ ಕೆಲವು ತಿಂಗಳು ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನೊಳಗೇ ಓಡಾಡಿ. ನಮ್ಮ ಮೈಸೂರಿನವರಿಗೆ ಶ್ರೀರಂಗಪಟ್ಟಣ, ನಂಜನಗೂಡು ಇದಕ್ಕೆ ಹೇಳಿಮಾಡಿಸಿದ ದೂರ. ಆಮೇಲೆ ಒಂದು ಬೆಳಗ್ಗೆ ಬೇಗ ಚಾಮುಂಡಿ ಬೆಟ್ಟ ಹತ್ತಿಸಿ. ಹತ್ತುವಾಗ ರೇಡಿಯೇಟರಿನ ಪರೀಕ್ಷೆ, ಇಳಿಯುವಾಗ ಬ್ರೇಕಿನ ಪರೀಕ್ಷೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಸಿ. ಬ್ರೇಕನ್ನು ಒತ್ತಿಕೊಂಡೇ ಇದ್ದರೆ ಡ್ರಮ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಗಳ ಯೋಚನೆ ಒಂದು ವರ್ಷ ಕಳೆದ ಮೇಲೆ.

ಬೆಂಗಳೂರು-ಮೈಸೂರು ನಡುವೆ ಎಕ್ಸ್‌ಪ್ರೆಸ್‌ವೇ ಹಿಡಿಯಬೇಡಿ. ಗಂಟೆಗೆ 50-60ರಲ್ಲಿ ನೆಮ್ಮದಿಯಾಗಿ ಓಡುವ ಕಾರು ಅಲ್ಲಿ ಇತರರಿಗೂ ಅಪಾಯ, ನಿಮಗೂ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದ ಮೇಲಿನ ಹಳೆ ರಸ್ತೆಯಲ್ಲಿ ಬನ್ನಿ. ಮದ್ದೂರಿನಲ್ಲಿ ವಡೆ ತಿನ್ನುವಷ್ಟು ಹೊತ್ತು ಎಂಜಿನ್ನಿಗೆ ವಿಶ್ರಾಂತಿ, ಅಲ್ಲೇ ಚಾಲಕರ ಬದಲಾವಣೆ.

ಡಿಕ್ಕಿಯಲ್ಲಿ ಸದಾ ಇರಬೇಕಾದವು: ಫ್ಯಾನ್ ಬೆಲ್ಟು, ಪಾಯಿಂಟು ಮತ್ತು ಕಂಡೆನ್ಸರು, ಎರಡು ಪ್ಲಗ್ಗು, ಫ್ಯೂಸು, ರೇಡಿಯೇಟರ್ ಹೋಸು ಮತ್ತು ಕ್ಲಿಪ್ಪು, ಐದು ಲೀಟರ್ ನೀರು, ಒಂದು ಲೀಟರ್ ಎಂಜಿನ್ ಆಯಿಲು, ಟಾರ್ಚು, ಎಳೆಯುವ ಹಗ್ಗ, ಹಳೆ ಬಟ್ಟೆ. ಆ ಬಟ್ಟೆಗೆ ಒಂದು ವಿಶೇಷ ಕೆಲಸವಿದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹೊರಟರೆ ಕಾರು ಕೆಮ್ಮಿ ನಿಲ್ಲುವುದುಂಟು; ಪಂಪಿನೊಳಗಿನ ಪೆಟ್ರೋಲ್ ಆವಿಯಾಗಿರುತ್ತದೆ. ಬಟ್ಟೆ ನೆನೆಸಿ ಪಂಪಿನ ಮೇಲೆ ಹಾಕಿ, ಅದು ತಣಿಯುವವರೆಗೆ ಕಾಯಿರಿ. ರೇಡಿಯೇಟರ್ ಕುದಿಯುತ್ತಿದ್ದರೆ ಮಾತ್ರ ಮುಚ್ಚಳ ಮುಟ್ಟಬೇಡಿ. ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಬಿಡಿ.

ನೋಡಿ ಕಲಿಯಲು ಒಳ್ಳೆಯ ಜಾಗಗಳೂ ನಮ್ಮಲ್ಲಿವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆ ಕಾರುಗಳು ಪ್ರಸಿದ್ಧ. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಸಂಗ್ರಹಾಲಯವೂ ಕಾರುಗಳದ್ದೇ. ಹೋದಾಗ ಒಬ್ಬರು ಹೊರಗಿನ ಬಣ್ಣ, ಬ್ಯಾಡ್ಜು, ರಬ್ಬರ್ ಬೀಡಿಂಗುಗಳ ಫೋಟೊ ತೆಗೆಯಿರಿ, ಇನ್ನೊಬ್ಬರು ಸೀಟಿನ ಹೊಲಿಗೆ, ಡ್ಯಾಶ್‌ಬೋರ್ಡು ಗಮನಿಸಿ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ರ್‍ಯಾಲಿಗೆ ಕಾರು ತೆಗೆದುಕೊಂಡು ಹೋದರೆ ಜನ ಪ್ರಶ್ನೆ ಕೇಳುವುದು ಹೆಚ್ಚಾಗಿ ಗಂಡಸರನ್ನೇ. ಎಂಜಿನ್ ಬಗ್ಗೆ ಕೇಳಿದಾಗ ನಮ್ಮವರು ನನ್ನ ಕಡೆ ಕೈ ತೋರಿಸುತ್ತಾರೆ. ಸೀಟಿನ ರೆಕ್ಸಿನ್ ಎಲ್ಲಿ ಸಿಕ್ಕಿತು ಎಂದು ಕೇಳಿದಾಗ ನಾನು ಅವರ ಕಡೆ. ಅದನ್ನು ಹುಡುಕಿ, ಅಳತೆ ಕೊಟ್ಟು, ಪಕ್ಕದಲ್ಲಿ ಕೂತು ಹೊಲಿಸಿದವರು ಅವರೇ.